ಆಸರೆಗೆ ಕೂತ ಅವ್ವ

ಕಿವಿಯ ಹಿಂದೆ ಬಿಲ್ಲೆ ಅಂಟಿಸಿಕೊಂಡು ಬಂದ ಮರುದಿನ ಮಧ್ಯಾಹ್ನ ಊಟವಾದ ಮೇಲೆ, ಯಾರದೋ ಮದುವೆ ಸೀರೆಗೆ ಫಾಲ್ ಹಚ್ಚುತ್ತ ಕೂತಿದ್ದ ಇಂದುಮತಿಗೆ ಮೊದಲನೆಯ ಅಲೆ ಬಂತು. ಕಾಲು ಪೆಡಲಿನ ಮೇಲೆ ಇದ್ದಂತೆಯೇ ಎದೆಯೊಳಗೆ ಏನೋ ಖಾಲಿಯಾಯಿತು. ಬಾಯಿ ಒಣಗಿತು, ಬೆರಳ ತುದಿಗಳು ಚುರುಗುಟ್ಟಿದವು. ಏನೋ ಬೇಕು, ಈಗಲೇ ಬೇಕು, ಅದು ಸಿಗುವ ತನಕ ಉಳಿದದ್ದೆಲ್ಲ ಹಾಳಾಗಿ ಹೋಗಲಿ ಅನ್ನಿಸಿತು. ಜೊತೆಗೆ ಮೂಗಿನ ಹಿಂದೆಲ್ಲೋ ಮಂಜುಗಡ್ಡೆಯಲ್ಲಿಟ್ಟ ಮಾವಿನಹಣ್ಣಿನ ವಾಸನೆ.

"ಯವ್ವಾ! ಇದ ನೋಡು ನನ್ನ ಮಗಳ ಚಟ!" ಎಂದು ಆಕೆ ಹೊಲಿಗೆ ಯಂತ್ರಕ್ಕೇ ಹೇಳಿದಳು.

ಬಿಲ್ಲೆ ಅಂಟಿಸಿದ ಚಟ ಬಿಡಿಸುವ ಕೇಂದ್ರದವರು ಹೇಳಿಕೊಟ್ಟಿದ್ದು ಇಷ್ಟೇ: ಅಲೆ ಬಂದಾಗ ಸುಮ್ಮನೆ ಕೂತಿರಿ, ಅದು ಏರುತ್ತದೆ, ತಾನಾಗಿ ಇಳಿಯುತ್ತದೆ, ನೀವು ಏನೂ ಮಾಡಬೇಕಾಗಿಲ್ಲ. ಏನೂ ಮಾಡದೆ ಕೂರುವುದು ಇಂದುಮತಿಯ ಜಾಯಮಾನಕ್ಕೆ ಒಗ್ಗಿದ್ದಲ್ಲ. ಸ್ವಲ್ಪ ಹೊತ್ತು ಹಲ್ಲು ಕಚ್ಚಿ ಕೂತಳು. ಆಮೇಲೆ, ಹೇಗೂ ಹಲ್ಲು ತಿಕ್ಕುವ ಹೊತ್ತಾಯಿತೆಂದು ಎದ್ದು ಹಿತ್ತಲಿನ ನಲ್ಲಿಯ ಹತ್ತಿರ ಹೋದಳು. ಗೂಡಿನಲ್ಲಿದ್ದ ಡಬ್ಬಿ ತೆಗೆದು, ತೋರುಬೆರಳಿಗೆ ಮಿಶ್ರಿ ಹಚ್ಚಿಕೊಂಡು ನಿಧಾನವಾಗಿ ತಿಕ್ಕಿದಳು. ಬಾಯಿ ಮುಕ್ಕಳಿಸುವಷ್ಟರಲ್ಲಿ ಅಲೆ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಇಷ್ಟು ಸಣ್ಣದಕ್ಕೆ ಮಗಳು ಇಷ್ಟು ರಂಪ ಮಾಡಿದಳಲ್ಲ ಎಂದು ಒಂದಿಷ್ಟು ಹೆಮ್ಮೆಯೂ ಆಯಿತು.

ಮಿಶ್ರಿ ಎಂದರೆ ನಿಪ್ಪಾಣಿ ಸೀಮೆಯ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಕುಟ್ಟಿ, ಅರಿವೆಯಲ್ಲಿ ಸೋಸಿದ ಪುಡಿ. ಬೆಳಗ್ಗೆ ಎದ್ದೊಡನೆ ಅದರಿಂದ ಹಲ್ಲು ತಿಕ್ಕುತ್ತಾರೆ, ಊಟವಾದ ಮೇಲೆ ಮತ್ತೊಮ್ಮೆ, ಸಂಜೆ ದೀಪ ಹಚ್ಚುವ ಮುಂಚೆ ಇನ್ನೊಮ್ಮೆ. ಇಲ್ಲಿ ನೀವು ಹುಬ್ಬೇರಿಸಬಹುದು. ಇಂದುಮತಿ ಏರಿಸಲಿಲ್ಲ, ಏರಿಸಬೇಕೆಂದು ಅವಳಿಗೆ ತೋಚಲೂ ಇಲ್ಲ. ಅವಳ ಲೆಕ್ಕದಲ್ಲಿ ತಂಬಾಕು ಅಂದರೆ ಗಂಡ ಭರಮಪ್ಪ ಸೇದುವ ಬೀಡಿ, ಬಸ್ ನಿಲ್ದಾಣದಲ್ಲಿ ಗಂಡಸರು ಜಗಿದು ಉಗುಳುವ ಗುಟ್ಕಾ. ಹಲ್ಲು ತಿಕ್ಕುವುದು ಶುಚಿಗೆ ಸಂಬಂಧಪಟ್ಟದ್ದು. ಹಾಗಾಗಿ ಕೇಂದ್ರದ ಡಾಕ್ಟರು, "ನಿಮಗೆ ಬೀಡಿ, ಸಿಗರೇಟು, ತಂಬಾಕು ಇಂಥದ್ದೇನಾದರೂ ಅಭ್ಯಾಸ ಉಂಟಾ?" ಎಂದು ಕೇಳಿದಾಗ ಆಕೆ, "ಛೀ ಛೀ, ಏನ ಮಾತಾಡ್ತೀರ್ರೀ" ಎಂದು ಸೆರಗು ಹೊದ್ದುಕೊಂಡಿದ್ದಳು. ಅದರಲ್ಲಿ ಒಂದು ಎಳೆಯಷ್ಟೂ ಸುಳ್ಳಿರಲಿಲ್ಲ.

ಚಟವಿದ್ದವರಿಗೊಂದು, ಜೊತೆಗಾರರಿಗೊಂದು ಅಂಟಿಸುವ ಈ ಜೋಡಿಬಿಲ್ಲೆ ಬೆಳಗಾವಿಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಅದರ ಹಿಂದಿನ ವಿಜ್ಞಾನ ಕೇಳುವುದಕ್ಕೆ ಸರಳ. ಚಟದ ಹಂಬಲ ಹುಟ್ಟುವುದು ಮಿದುಳಿನ ಒಳಮಡಿಕೆಯೊಂದರಲ್ಲಿ. ಅದನ್ನು ಔಷಧಿಯಿಂದ ತುಳಿದರೆ ಇಮ್ಮಡಿಯಾಗಿ ಪುಟಿಯುತ್ತದೆ. ಯಾವತ್ತೂ ನಿಕೋಟಿನ್ ಕಾಣದ ಮಿದುಳಿಗೆ ಅದೇ ಹಂಬಲವನ್ನು ದಾಟಿಸಿದರೆ ಏನಾಗುತ್ತದೆ? ಆ ಮಿದುಳಿಗೆ ಇದು ಯಾಕೆ ಬಂತು, ಏನು ಕೊಟ್ಟರೆ ಹೋಗುತ್ತದೆ ಎಂಬುದೊಂದೂ ಗೊತ್ತಿಲ್ಲ. ಅಲೆ ಏರುತ್ತದೆ, ಕೇಳುವವರಿಲ್ಲದೆ ಇಳಿಯುತ್ತದೆ. ಆ ಇಳಿತದ ವಿನ್ಯಾಸವನ್ನು ಬಿಲ್ಲೆ ಹಿಡಿದು, ಮೊಬೈಲ್ ಜಾಲದ ಮೂಲಕ ಚಟವಿದ್ದವರ ಮಿದುಳಿಗೆ ಹಿಂತಿರುಗಿಸುತ್ತದೆ. ಕೆಲವು ವಾರ ಹೀಗೆ ನಡೆದರೆ ಚಟದ ಮಿದುಳೂ ಇಳಿಯುವುದನ್ನು ಕಲಿಯುತ್ತದೆ. ಹಂಬಲ ಹೊತ್ತುಕೊಳ್ಳುವವರಿಗೆ ಕೇಂದ್ರದವರು ಇಟ್ಟ ಹೆಸರು ಆಸರೆ.

ಊರು ಇದಕ್ಕೂ ಬೇಗ ಹೊಂದಿಕೊಂಡಿತು. ಶಹಾಪುರದ ಓಣಿಗಳಲ್ಲಿ ಕಿವಿಯ ಹಿಂದೆ ಬಿಲ್ಲೆಯಿದ್ದ ಅಜ್ಜಂದಿರು ಭಜನೆಯ ನಡುವೆ ತಟ್ಟನೆ ತಾಳ ನಿಲ್ಲಿಸಿ, ಕಣ್ಣು ಮುಚ್ಚಿ, "ಹೂಂ, ಬಂತು ನಮ್ಮ ಮೊಮ್ಮಗಂದು" ಎನ್ನುತ್ತಿದ್ದರು. ಉಳಿದವರು ಪದ ನಿಲ್ಲಿಸಿ ಕಾಯುತ್ತಿದ್ದರು. ಹೊಸದಾಗಿ ಮದುವೆಯಾದವನೊಬ್ಬ ಅತ್ತೆಯನ್ನೇ ಆಸರೆಗೆ ಕೂರಿಸಿಕೊಂಡು, ಆಮೇಲೆ ಅವಳೆದುರು ತಲೆ ಎತ್ತಲಾಗದೆ ಒದ್ದಾಡಿದ್ದನ್ನು ಓಣಿಯ ಹೆಂಗಸರು ಹೇಳಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು.

ಇಂದುಮತಿಯ ಮಗಳು ಋತುಜಾಳ ಕಥೆಯಲ್ಲಿ ನಗುವುದಕ್ಕೆ ಹೆಚ್ಚು ಇರಲಿಲ್ಲ. ಅವಳು ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯ ಕೋಣೆಯ ತರಬೇತಿಗೆ ಸೇರಿದ್ದಳು. ಸರ್ಜನ್ ಕೈ ಚಾಚಿದಾಗ ಬೇಕಾದ ಸಲಕರಣೆ ಆ ಕೈಯಲ್ಲಿ ಇರುವಂತೆ ನೋಡಿಕೊಳ್ಳುವ ಕೆಲಸ. ಹಾಸ್ಟೆಲಿನಲ್ಲಿ ಗೆಳತಿಯೊಬ್ಬಳು ಕೊಟ್ಟ ವೇಪ್ ಎಂಬ ಬ್ಯಾಟರಿ ಸಿಗರೇಟಿನಿಂದ ಶುರುವಾಯಿತು. ಓದುವಾಗ ಎಚ್ಚರವಾಗಿರಲು ಒಂದೆರಡು ಎಳೆತ, ಅಷ್ಟೇ. ಮಾವಿನ ರುಚಿ, ವಾಸನೆ ಉಳಿಯದು, ಕೆಮ್ಮು ಬರದು. ಮನೆಗೆ ತಂದಾಗ ಇಂದುಮತಿ ಅದನ್ನು ಪೆನ್ ಡ್ರೈವ್ ಎಂದು ತಿಳಿದು, ಧೂಳು ಒರೆಸಿ, ಷೋಕೇಸಿನಲ್ಲಿ ಮಗಳು ಗೆದ್ದ ಕಪ್ಪಿನ ಪಕ್ಕದಲ್ಲಿಟ್ಟಿದ್ದಳು.

ಆಮೇಲೆ ಒಂದು ದಿನ, ಬಹಳ ಹೊತ್ತು ಹಿಡಿಯುವ ಮೂಳೆ ಶಸ್ತ್ರಚಿಕಿತ್ಸೆಯೊಂದರ ನಡುವೆ, ಋತುಜಾ ಹೊಟ್ಟೆನೋವೆಂದು ಹೇಳಿ ಹೊರಗೆ ಹೋದಳು. ಸರ್ಜನ್ ಕೈ ಚಾಚಿದರು. ಆ ಕೈಗೆ ಏನೂ ಬೀಳಲಿಲ್ಲ. ರೋಗಿಗೆ ಏನೂ ಆಗಲಿಲ್ಲ, ಇನ್ನೊಬ್ಬಳು ಓಡಿ ಬಂದಳು. ಆದರೆ ಋತುಜಾಳನ್ನು ಶೌಚಾಲಯದಲ್ಲಿ ಹಿಡಿದಾಗ ಅವಳ ಬಾಯಿಂದ ಹೊಗೆ ಬರುತ್ತಿತ್ತು. ಪ್ರಾಂಶುಪಾಲೆ ಒಳ್ಳೆಯ ಹೆಂಗಸು. ತರಬೇತಿಯ ಕೊನೆಯ ಅವಧಿ ಮುಗಿಯುವುದರೊಳಗೆ ಜೋಡಿ ಕೇಂದ್ರದವರು ಇವಳು ಚಟ ಬಿಟ್ಟಿದ್ದಾಳೆಂದು ಬರೆದುಕೊಟ್ಟರೆ ಆಪರೇಷನ್ ಥಿಯೇಟರಿಗೆ ಮರಳಬಹುದು, ಇಲ್ಲವಾದರೆ ತರಬೇತಿ ಅಲ್ಲಿಗೇ ಮುಗಿಯಿತು ಎಂದರು.

ಹಾಸ್ಟೆಲ್ ಬಿಟ್ಟು ಮಗಳು ಮನೆಗೆ ಬಂದ ಆ ರಾತ್ರಿ ಇಂದುಮತಿ ಆಡಬಾರದ್ದನ್ನೆಲ್ಲ ಆಡಿದ್ದಳು. "ಮನಸ್ಸ ಗಟ್ಟಿ ಇರಬೇಕು. ನಿಮ್ಮಪ್ಪ ಬೀಡಿ ಸೇದಿ ಸೇದಿ ಕೆಮ್ಮೂದ ನೋಡಿನೂ ನಿನಗ ಬುದ್ಧಿ ಬರಲಿಲ್ಲ. ನಾ ಹುಟ್ಟಿದಾಗಿಂದ ಒಂದ ಚಟಾ ಮಾಡೀನೇನ?" ಋತುಜಾ ಮೂರು ಸಲ ಬಿಟ್ಟು ಮೂರು ಸಲವೂ ಮತ್ತೆ ಹಿಡಿದವಳು. ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಭರಮಪ್ಪನನ್ನು ಕೇಂದ್ರದವರು ಅಂಗಿಯ ಕಿಸೆಯಲ್ಲಿದ್ದ ಬೀಡಿಕಟ್ಟು ನೋಡಿಯೇ ಬಾಗಿಲಿನಿಂದ ಹಿಂದೆ ಕಳಿಸಿದ್ದರಿಂದ, ಆಸರೆಗೆ ಕೂರಲು ಉಳಿದವಳು ಅವ್ವನೇ.

ಅಲೆಗಳು ದಿನವೂ ಬಂದವು. ಇಂದುಮತಿಗೆ ಅವು ರೂಢಿಯಾದವು, ಆದರೆ ಸಣ್ಣವಾಗಲಿಲ್ಲ. ಮೊದಲು ನಾಲ್ಕು ಹೊಲಿಗೆ ತಪ್ಪಿಸುತ್ತಿದ್ದ ಅಲೆ ಈಗ ಒಲೆಯ ಮೇಲಿನ ಹಾಲನ್ನೂ ಮರೆಸುತ್ತಿತ್ತು. ಒಂದು ಮಾತ್ರ ಆಯಿತು. ಮಗಳನ್ನು ಬಯ್ಯುವುದನ್ನು ಆಕೆ ನಿಲ್ಲಿಸಿದಳು. ಒಳಗೆ ಇಷ್ಟೆಲ್ಲ ಹೊತ್ತುಕೊಂಡು ಈ ಹುಡುಗಿ ಬಸ್ಸು ಹತ್ತಿ ಪಾಠಕ್ಕೆ ಹೋಗಿ ಬರುತ್ತಾಳಲ್ಲ ಎಂದು ಕನಿಕರವಾಗುತ್ತಿತ್ತು. ಸಂಜೆ ಮಗಳು ಬರುವ ಹೊತ್ತಿಗೆ ಅವಲಕ್ಕಿ ಹಚ್ಚಿಟ್ಟು ಕಾಯುತ್ತಿದ್ದಳು. ಋತುಜಾ ದಿನದಿನಕ್ಕೂ ಸೊರಗುತ್ತಿದ್ದಳು.

ಕೇಂದ್ರದಿಂದ ಕರೆ ಬಂದಾಗ ಇಬ್ಬರೂ ಹೋದರು. ನಿಯಂತ್ರಣ ಕೊಠಡಿಯಲ್ಲಿ ಗೋಡೆಯ ತುಂಬ ಪರದೆಗಳು, ಒಂದೊಂದರಲ್ಲಿ ಒಂದೊಂದು ಜೋಡಿ. ನೀಲಿ ಗೆರೆ ಚಟವಿದ್ದವರದು, ಕೇಸರಿ ಗೆರೆ ಆಸರೆಯವರದು. ಡಾಕ್ಟರ್ ಶ್ರೀಕರ ಬಾಳಿಗಾ ಮಂಗಳೂರಿನ ಕಡೆಯವರು, ತಗ್ಗಿದ ದನಿಯ ಮನುಷ್ಯ. ಅವರು ಮೊದಲು ಬೇರೆ ಯಾರದೋ ಪರದೆ ತೋರಿಸಿದರು. ನೀಲಿ ಏರಿತು, ಕೇಸರಿ ತುಸು ಏರಿ ಇಳಿಯಿತು, ನೀಲಿಯೂ ಅದರ ಹಿಂದೆಯೇ ಇಳಿಯಿತು.

"ಇದು ಸರಿಯಾದ ಜೋಡಿ. ಇನ್ನು ನಿಮ್ಮದು ನೋಡಿ" ಎಂದರು.

ಇವರ ಪರದೆಯಲ್ಲಿ ಎರಡು ಗೆರೆಗಳೂ ಏರುತ್ತಿದ್ದವು, ಕಡಿದಾದ ಗೋಡೆಯಿಂದ ಬಿದ್ದಂತೆ ತಟ್ಟನೆ ಬೀಳುತ್ತಿದ್ದವು, ಮುಂದಿನ ಸಲ ಇನ್ನೂ ಎತ್ತರಕ್ಕೆ ಏರುತ್ತಿದ್ದವು.

"ಈ ಥರ ಬೀಳುವುದು ಒಂದೇ ಕಾರಣಕ್ಕೆ. ಮಿದುಳಿಗೆ ಕೇಳಿದ್ದು ಸಿಕ್ಕಿದಾಗ" ಎಂದರು ಬಾಳಿಗಾ. ಋತುಜಾಳ ಕಡೆ ತಿರುಗಿ, "ನೀವು ಗುಟ್ಟಾಗಿ ಎಳೀತಾ ಇದ್ದೀರಿ ಅಲ್ವಾ? ನಾನು ಬಯ್ಯುವುದಿಲ್ಲ. ಆದರೆ ಹೌದಾದರೆ ಹೌದು ಅನ್ನಿ."

"ಇಲ್ರಿ ಸರ್. ಮುಟ್ಟಿಲ್ರಿ."

"ಒಮ್ಮೆಲೇ ಪೂರ್ತಿ ನಿಲ್ಲಬಾರದೆಂದು ನಿಮ್ಮ ಭುಜಕ್ಕೆ ನಾವೇ ನಿಕೋಟಿನ್ ಪಟ್ಟಿ ಹಚ್ಚಿದ್ದೇವೆ, ಹಾಗಾಗಿ ರಕ್ತಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ಗೆರೆಯನ್ನೇ ನಂಬಬೇಕು. ನಾಳೆ ನಿಮ್ಮ ಕಾಲೇಜಿಗೆ ನಾನು ವರದಿ ಕಳಿಸಬೇಕಾಗ್ತದೆ."

"ನಾ ಸೇದಿಲ್ರೀ!" ಎಂದು ಋತುಜಾ ಎದ್ದು ನಿಂತಳು. ಪರದೆಗಳ ಮುಂದೆ ಕೂತಿದ್ದ ತಂತ್ರಜ್ಞೆ ಫರೀದಾ ತಲೆ ತಗ್ಗಿಸಿದಳು. ಇಂಥ ಮಾತನ್ನು ಆ ಕೋಣೆ ಬಹಳ ಸಲ ಕೇಳಿತ್ತು. ಇಂದುಮತಿಗೂ, ನಾಚಿಕೆಯ ಮಾತು, ಒಂದು ಕ್ಷಣ ಮಗಳ ಮೇಲೆ ಅನುಮಾನವಾಯಿತು.

ಮನೆಗೆ ಬಂದವಳೇ ಋತುಜಾ ಬ್ಯಾಗನ್ನು ಕಟ್ಟೆಯ ಮೇಲೆ ಸುರಿದಳು. ಪುಸ್ತಕ, ಹಣಿಗೆ, ಬಸ್ ಪಾಸು, ಟಿಫಿನ್ ಡಬ್ಬಿ. "ನೋಡು. ನೀನೂ ನೋಡು. ಕಿಸೆ ನೋಡು, ಹಾಸಿಗಿ ಝಾಡಿಸಿ ನೋಡು" ಎಂದು ಅಳತೊಡಗಿದಳು. ಇಂದುಮತಿ ಒಂದೊಂದೇ ಸಾಮಾನನ್ನು ತಿರುಗಿ ಬ್ಯಾಗಿಗೆ ತುಂಬಿದಳು. ತುಂಬುತ್ತಿರುವಾಗಲೇ ಅಲೆ ಬಂತು, ಅಷ್ಟು ದೊಡ್ಡದು ಹಿಂದೆ ಬಂದಿರಲಿಲ್ಲ. ಮಗಳು ಕಂಬಕ್ಕೆ ಹಣೆ ಹಚ್ಚಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ನೋಡಲಾಗದೆ ಇಂದುಮತಿ ಹಿತ್ತಲಿಗೆ ಹೋದಳು. ಅವಳ ಕೈ ತಾನಾಗಿ ಗೂಡಿಗೆ ಹೋಯಿತು. ಬೆರಳು ಒಸಡಿಗೆ ತಾಗಿ, ಆ ಖಾರದ ಕಹಿ ಬಾಯೊಳಗೆ ಹರಡಿ, ಭುಜಗಳು ಸಡಿಲಾದವು.

"ಅವ್ವಾ!" ಎಂದು ಒಳಗಿನಿಂದ ಋತುಜಾ ಕೂಗಿದಳು. "ಹೋತು! ನಾ ಏನೂ ಮಾಡಲಿಲ್ಲ, ಕಂಬಾ ಹಿಡದ ನಿಂತಿದ್ನಿ, ತಾನ ಹೋತು ನೋಡು!"

ಇಂದುಮತಿಯ ಬೆರಳು ಬಾಯಲ್ಲೇ ನಿಂತಿತು.

ಆಕೆ ಹೆಚ್ಚು ಓದಿದವಳಲ್ಲ, ಆದರೆ ಬಾಳಿಗಾ ಹೇಳಿದ್ದು ಕಿವಿಯಲ್ಲೇ ಇತ್ತು. ಮಿದುಳಿಗೆ ಕೇಳಿದ್ದು ಸಿಕ್ಕಿದಾಗ. ಬಿಲ್ಲೆ ಬಂದಾಗಿನಿಂದ ಒಂದೊಂದು ಅಲೆ ಇಳಿದಾಗಲೂ ತಾನು ಎಲ್ಲಿದ್ದೆ ಎಂದು ನೆನಪಿಸಿಕೊಂಡಳು. ಪ್ರತಿ ಸಲವೂ ಇದೇ ನಲ್ಲಿಯ ಹತ್ತಿರ. ಆ ಹಂಬಲ ಮೊದಲ ದಿನವೇ ತನಗೆ ಸಣ್ಣದೆನಿಸಿದ್ದು ಯಾಕೆಂಬುದೂ ಈಗ ಹೊಳೆಯಿತು. ಅದು ಪರಿಚಯದ್ದಾಗಿತ್ತು. ಬೆಳಗ್ಗೆ ಎದ್ದು ಡಬ್ಬಿ ಕೈಗೆ ಸಿಗದಿದ್ದರೆ ಸೊಸೆಯಾಗಿ ಬಂದ ಹೊಸದರಲ್ಲೂ ಮನೆಮಂದಿಗೆಲ್ಲ ಸಿಡುಕುತ್ತಿದ್ದಳಲ್ಲ, ಅದೇ ಇದು. ಮಗಳು ಬಿಟ್ಟಿದ್ದಳು. ಮಗಳ ಪರವಾಗಿ ತಾಯಿ ದಿನಕ್ಕೆ ಹಲವು ಸಲ ಎಳೆಯುತ್ತಿದ್ದಳು.

ಅವಳಿಗೆ ಮೊದಲು ಬಂದ ಯೋಚನೆ ಒಳ್ಳೆಯದೇನಲ್ಲ. ಡಬ್ಬಿಯನ್ನು ಗಟಾರಕ್ಕೆ ಸುರಿದು ಬಾಯಿ ಮುಚ್ಚಿಕೊಂಡಿದ್ದರಾಯಿತು, ಗೆರೆಗಳು ತಾವಾಗಿ ಸರಿಹೋಗುತ್ತವೆ, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ವರದಿ ನಾಳೆಯೇ ಹೋಗುತ್ತದೆ. ಒಳಗೆ ಮಗಳು ಎಷ್ಟೋ ದಿನಗಳ ಮೇಲೆ ಗುನುಗುತ್ತ ಅವಲಕ್ಕಿ ತಿನ್ನುತ್ತಿದ್ದಳು. ಆ ಗುನುಗು ಕೇಳಿ ಇಂದುಮತಿಗೆ ನಿಂತಲ್ಲೇ ಅಳು ಬಂತು.

ಬೆಳಗ್ಗೆ ಮಿಶ್ರಿ ಮುಟ್ಟದೆ ಬಸ್ಸು ಹತ್ತಿದಳು. ಋತುಜಾ, "ಬ್ಯಾಡವ್ವ, ಅವರ ಕಾಲ ಹಿಡಿಯೂದ ಬ್ಯಾಡ" ಎನ್ನುತ್ತಲೇ ಹಿಂದೆ ಬಂದಳು. ಕೇಂದ್ರ ತಲುಪುವಷ್ಟರಲ್ಲಿ ಇಂದುಮತಿಯ ತಲೆ ಸಿಡಿಯುತ್ತಿತ್ತು, ಕಂಡಕ್ಟರನ ಜೊತೆ ಸುಮ್ಮನೆ ಜಗಳ ತೆಗೆದಾಗಿತ್ತು. ನಿಯಂತ್ರಣ ಕೊಠಡಿಯ ಬಾಗಿಲಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟಳು.

"ಆಕಿ ಸೇದಿಲ್ರಿ. ನಾನು. ನಾ ಮಿಶ್ರಿ ಹಚ್ಚತೀನ್ರಿ."

ಬಾಳಿಗಾ ಏನೂ ತಿಳಿಯದೆ ಫರೀದಾಳ ಮುಖ ನೋಡಿದರು. ಫರೀದಾ ಹಣೆ ಹಣೆ ಚಚ್ಚಿಕೊಂಡಳು. "ಯಾ ಅಲ್ಲಾ! ಮಿಶ್ರಿ! ನಮ್ಮ ನಾನೀ ಅಜ್ಜಿನೂ ಹಚ್ಚತಿದ್ಲು. ಸರ್, ಅದು ಹುರದ ತಂಬಾಕ್ರಿ ಸರ್, ಹಲ್ಲಿಗೆ ತಿಕ್ಕೂದು. ಕೇಳಬೇಕಂತ ನನಗ ಹೊಳೀಲೇ ಇಲ್ಲ."

ಬಾಳಿಗಾ ಕುರ್ಚಿಯಲ್ಲಿ ಕುಸಿದರು. ಆಸರೆಗೆ ಬಂದ ಗಂಡಸರಿಗೆಲ್ಲ ಅವರು ರಕ್ತಪರೀಕ್ಷೆ ಮಾಡಿಸುತ್ತಿದ್ದರು. ಕುಂಕುಮ ಇಟ್ಟು ಸೆರಗು ಹೊದ್ದು ಬಂದ ತಾಯಂದಿರನ್ನು ಬಾಯಿಮಾತಿನಲ್ಲಿ ಕೇಳಿದರೆ ಸಾಕೆಂದುಕೊಂಡಿದ್ದರು. "ತಪ್ಪು ನನ್ನದು ಮಾರಾಯ್ರೆ. ನಿಮ್ಮದಲ್ಲ" ಎಂದರು. ಅದನ್ನು ಎರಡು ಸಲ ಹೇಳಿದರು.

ಋತುಜಾ ಮಾತ್ರ ತಾಯಿಯನ್ನೇ ನೋಡುತ್ತಿದ್ದಳು. "ಅಂದ್ರ ನಾ ಬಿಟ್ಟಮ್ಯಾಲೂ ನನ್ನ ಪಾಲಿಂದ ನೀ ಹಚ್ಚಾಕತ್ತಿದ್ದಿ" ಎಂದಳು. "ಅವತ್ತ ರಾತ್ರಿ ಏನಂದಿ ನನಗ? ಮನಸ್ಸ ಗಟ್ಟಿ ಇರಬೇಕು ಅಂದಿ."

"ಅಂದ್ನಿ."

"ಎಷ್ಟ ವರ್ಷಾತು ನೀ ಹಚ್ಚಾಕತ್ತಿ?"

"ಮದವಿಗಿಂತ ಮೊದಲ. ಹಲ್ಲ ನೋವಿತ್ತು. ನಮ್ಮವ್ವ ಹಚ್ಚಿದ್ಲು."

"ಒಂದ ಸರ್ತಿನೂ ಬಿಡಬೇಕು ಅನಸಲಿಲ್ಲ?"

"ಹಲ್ಲ ತಿಕ್ಕೂದನ್ನ ಯಾರರೇ ಬಿಡತಾರೇನವ್ವಾ?" ಎಂದಳು ಇಂದುಮತಿ. ಅವಳ ಮುಖದಲ್ಲಿದ್ದ ದಿಗಿಲನ್ನು ನೋಡಿ ಋತುಜಾಳ ಸಿಟ್ಟು ಅರ್ಧಕ್ಕೇ ನಿಂತಿತು. ಚಟ ಎನ್ನುವ ಮಾತನ್ನು ತನ್ನ ಮೇಲೆ ಮೊದಲ ಸಲ ಹಾಕಿಕೊಂಡವರ ಮುಖ ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು. ಹಾಸ್ಟೆಲಿನ ಕನ್ನಡಿಯಲ್ಲಿ ನೋಡಿಕೊಂಡಿದ್ದಳು.

ವರದಿ ಹೋಗಲಿಲ್ಲ. ಆದರೆ ಜೋಡಿಯೂ ಉಳಿಯುವಂತಿರಲಿಲ್ಲ. ಚಟವಿದ್ದವರು ಆಸರೆಯಾಗುವಂತಿಲ್ಲ, ಅದು ಮೊದಲ ನಿಯಮ. ಇನ್ನೊಬ್ಬರನ್ನು ಹುಡುಕಿ, ಇಬ್ಬರ ಮಿದುಳುಗಳೂ ಒಂದಕ್ಕೊಂದು ಪಳಗುವಷ್ಟರಲ್ಲಿ ಋತುಜಾಳ ಅವಧಿ ಮುಗಿದುಹೋಗುತ್ತಿತ್ತು.

"ನಾ ಮಿಶ್ರಿ ಬಿಟ್ರ?" ಎಂದು ಇಂದುಮತಿ ಕೇಳಿದಳು.

ಬಾಳಿಗಾ ತಲೆಯಾಡಿಸಿದರು. "ಆಗ ನಿಮ್ಮದೇ ಅಲೆ ಏರ್ತದೆ, ಅದು ಅವರಿಗೆ ಹೋಗ್ತದೆ, ಅವರದ್ದು ನಿಮಗೆ. ಈಜು ಬಾರದ ಇಬ್ಬರು ಒಬ್ಬರನ್ನೊಬ್ಬರು ಹಿಡಕೊಂಡ ಹಾಗೆ ಆಗ್ತದಮ್ಮ."

"ನನಗ ಸ್ವಲ್ಪ ಬರ್ತೈತ್ರಿ" ಎಂದಳು ಋತುಜಾ. ಎಲ್ಲರೂ ಅವಳ ಕಡೆ ತಿರುಗಿದರು. "ಮೂರ ಸರ್ತಿ ಬಿಟ್ಟು ಮೂರ ಸರ್ತಿ ಸೋತೀನ್ರಿ ಸರ್. ಎಲ್ಲಿ ಏರ್ತೈತಿ, ಎಲ್ಲಿ ಮೋಸ ಮಾಡ್ತೈತಿ, ಎಲ್ಲಾ ಗೊತ್ತೈತಿ. ಸೋಲೂದ ಗೊತ್ತಿದ್ದವರ ಹತ್ರ ಕೇಳಿ ನೋಡ್ರಿ ಒಮ್ಮಿ."

ಬಾಳಿಗಾ ಎದ್ದು ಅವರಿಬ್ಬರ ಪರದೆಯನ್ನು ಇನ್ನೊಮ್ಮೆ ನೋಡಿದರು. ಅವರೊಳಗಿನ ವಿಜ್ಞಾನಿಗೆ ಕುತೂಹಲವೂ ಇತ್ತು, ಮನುಷ್ಯನಿಗೆ ಅಪರಾಧಭಾವವೂ ಇತ್ತು. ಸಂಜೆಯ ತನಕ ನೋಡೋಣ ಎಂದರು. ಗೆರೆ ಒಂದು ಮಿತಿ ದಾಟಿದರೆ ಬಿಲ್ಲೆ ಕಳಚುತ್ತೇನೆ ಎಂದರು.

ತಾಯಿ ಮಗಳಿಬ್ಬರನ್ನೂ ಅಕ್ಕಪಕ್ಕದ ಕುರ್ಚಿಗಳಲ್ಲಿ ಕೂರಿಸಿದರು. ಮಧ್ಯಾಹ್ನದ ಹೊತ್ತಿಗೆ ಅಲೆ ಬಂತು. ಯಾರಿಂದ ಶುರುವಾಯಿತೋ, ಇಬ್ಬರಲ್ಲೂ ಒಟ್ಟಿಗೇ ಏರತೊಡಗಿತು. ಇಂದುಮತಿ ಸೆರಗಿನ ತುದಿಯನ್ನು ಹಿಂಡಿ ಹಿಂಡಿ ಮುದ್ದೆ ಮಾಡಿದಳು. ಎದ್ದು ಓಡಬೇಕು ಅನ್ನಿಸಿತು, ಮೊದಲ ಬೀದಿಯ ಮೊದಲ ಮನೆಗೆ ಹೋಗಿ ಒಂದು ಚಿಟಿಕೆ ಪುಡಿ ಬೇಡಬೇಕು ಅನ್ನಿಸಿತು.

"ಬಡದಾಡಬ್ಯಾಡವ್ವ" ಎಂದಳು ಋತುಜಾ. ಅವಳ ಹಣೆಯ ಮೇಲೂ ಬೆವರಿತ್ತು. "ಬಡದಾಡಿದ್ರ ಜೋರ ಆಗ್ತೈತಿ. ಬರಲಿ ಬಿಡು. ಈಗ ಅದು ನಿನಗ ಹೇಳ್ತೈತಿ, ಒಂದ ಸರ್ತಿ ಹಚ್ಚು, ನಾಳಿಂದ ಬಿಡು ಅಂತ. ಹೇಳಾಕತ್ತೈತಿಲ್ಲೋ?"

"ಹೂಂ. ಹಂಗ ಹೇಳಾಕತ್ತೈತಿ" ಎಂದಳು ಇಂದುಮತಿ ಬೆರಗಾಗಿ.

"ನನಗೂ ಹಂಗ ಹೇಳ್ತಿತ್ತು. ಹೇಳಲಿ. ನೀ ಉತ್ತರ ಕೊಡಬ್ಯಾಡ."

ಪರದೆಯ ಮೇಲೆ ಎರಡು ಗೆರೆಗಳೂ ಮಿತಿಯ ಹತ್ತಿರ ಬಂದವು. ಬಾಳಿಗಾ ಜೋಡಿ ಕಡಿಯುವ ಗುಂಡಿಯ ಮೇಲೆ ಬೆರಳಿಟ್ಟು ನಿಂತರು. ಗೆರೆಗಳು ಅಲ್ಲೇ ನಡುಗುತ್ತ ನಿಂತವು, ಬಹಳ ಹೊತ್ತು ನಿಂತವು, ಆಮೇಲೆ ನಿಧಾನವಾಗಿ ಬಾಗಿದವು. ಯಾವುದು ಮೊದಲು ಬಾಗಿತೆಂದು ಫರೀದಾ ಮತ್ತೆ ಮತ್ತೆ ತಿರುಗಿಸಿ ನೋಡಿದಳು. ಯಂತ್ರಕ್ಕೂ ಹೇಳಲು ಆಗಲಿಲ್ಲ. ಬಾಳಿಗಾ ಬೆರಳು ತೆಗೆದು, ಕನ್ನಡಕ ಬಿಚ್ಚಿ ಒರೆಸಿಕೊಂಡರು. ಜೋಡಿ ಹೀಗೇ ಮುಂದುವರಿಯಲಿ ಎಂದರು.

ಮುಂದಿನ ವಾರಗಳು ಸುಲಭವಾಗಿದ್ದವೆಂದು ಹೇಳಿದರೆ ಭರಮಪ್ಪ ನಗುತ್ತಾನೆ. ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು ಚಟ ಬಿಡುವಾಗ ಆ ಮನೆಯ ಗಂಡಸಿನ ಪಾಡು ಏನೆಂದು ಅವನನ್ನೇ ಕೇಳಬೇಕು. ಉಪ್ಪು ಹೆಚ್ಚಾಯಿತೆಂದರೆ ಬೈಗುಳ, ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದಿ ಎಂದು ಬೈಗುಳ. ಅವನು ಬೀಡಿ ಹಿಡಿದು ಓಣಿಯ ತುದಿಗೆ ಗಡಿಪಾರಾದ. ಇಂದುಮತಿ ಒಮ್ಮೆ ಸೋತಳು, ಪಕ್ಕದ ಮನೆಯ ಡಬ್ಬಿಗೆ ಬೆರಳದ್ದಿದಳು. ಋತುಜಾಳಿಗೆ ಅದು ಆ ಕ್ಷಣವೇ ತಿಳಿಯಿತು. ಸಂಜೆ ಬಂದು ಏನೂ ಕೇಳಲಿಲ್ಲ, ತಾನೇ ಚಹಾ ಮಾಡಿ ತಾಯಿಯ ಮುಂದಿಟ್ಟಳು. ಬಯ್ಯಿಸಿಕೊಂಡಿದ್ದರೆ ಇಂದುಮತಿಗೆ ಹಗುರವಾಗುತ್ತಿತ್ತು. ಆಮೇಲೆ ಅವಳು ಸೋಲಲಿಲ್ಲ.

ಬಾಳಿಗಾ ಕಾಲೇಜಿಗೆ ಎಲ್ಲವನ್ನೂ ಬರೆದರು, ತಮ್ಮ ತಪ್ಪನ್ನೂ ಸೇರಿಸಿ. ಚಟ ಪೂರ್ತಿ ಹೋಯಿತೆಂದು ಹೇಳಲಾರೆ, ಇವಳು ನಿಲ್ಲಬಲ್ಲಳೆಂದು ಹೇಳಬಲ್ಲೆ ಎಂದರು. ಪ್ರಾಂಶುಪಾಲೆ ಒಂದು ಶಸ್ತ್ರಚಿಕಿತ್ಸೆಗೆ ಮಾತ್ರ ಒಪ್ಪಿದರು. ಅದರಲ್ಲಿ ಕೊನೆಯ ಹೊಲಿಗೆಯ ತನಕ ನಿಂತರೆ ತರಬೇತಿ ಮುಂದುವರಿಯುತ್ತದೆ, ಮಧ್ಯೆ ಹೊರಗೆ ಬಂದರೆ ಮುಗಿಯಿತು.

ಆ ದಿನವೇ ನಿಪ್ಪಾಣಿಯಲ್ಲಿ ಇಂದುಮತಿಯ ತಂಗಿ ಮಾಲನ್‌ಳ ಮಗಳ ಕುಬಸ. ಹೋಗಲಾರೆ ಎಂದವಳನ್ನು ಋತುಜಾಳೇ ಕಳಿಸಿದಳು. "ನೀ ಬಾಗಿಲದಾಗ ಕೂತ್ರ ನನಗ ಅಂಜಿಕಿ ಜಾಸ್ತಿ. ಬಿಲ್ಲಿ ಅಲ್ಲಿ ತನಕಾ ಮುಟ್ಟತೈತಿ, ಹೋಗು."

ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಹಾಡು ಹೇಳಿ, ಹೋಳಿಗೆಯ ಊಟ ಮುಗಿಯುವ ಹೊತ್ತಿಗೆ ಬಿಸಿಲು ಏರಿತ್ತು. ಹೆಂಗಸರೆಲ್ಲ ಹಿಂದಿನ ಪಡಸಾಲೆಯಲ್ಲಿ ಕಾಲು ಚಾಚಿ ಕೂತರು. ಹೊಟ್ಟೆ ತುಂಬಿದ ಮೇಲೆ ಅಲ್ಲಿನ ವಾಡಿಕೆಯೇ ಅದು. ಮಾಲನ್ ಒಳಗಿನಿಂದ ಹೊಸದಾಗಿ ಹುರಿದ ಮಿಶ್ರಿಯ ಡಬ್ಬಿ ತಂದು ಮುಚ್ಚಳ ತೆಗೆದಳು. ಡಬ್ಬಿ ಕೈಯಿಂದ ಕೈಗೆ ಸಾಗಿತು. ಒಬ್ಬೊಬ್ಬರೂ ಚಿಟಿಕೆ ತೆಗೆದು, ಮಾತು ನಿಲ್ಲಿಸದೆ, ಒಸಡಿಗೆ ತಿಕ್ಕತೊಡಗಿದರು. ಡಬ್ಬಿ ಇಂದುಮತಿಯ ಮಡಿಲಿಗೆ ಬಂತು. ಸುಟ್ಟ ಎಲೆಯ ಘಾಟು ಮೂಗಿಗೆ ಬಡಿದ ಕೂಡಲೇ ಅವಳ ಮೈಯೆಲ್ಲ ಎದ್ದು ಕೂತಿತು.

ಇದು ಮಗಳಿಂದ ಬಂದದ್ದಲ್ಲ ಎಂದು ಅವಳಿಗೆ ತಕ್ಷಣ ತಿಳಿಯಿತು. ಇದು ತನ್ನದೇ. ಈಗ ಇದು ಬೆಳಗಾವಿಯ ಥಿಯೇಟರಿನಲ್ಲಿ ಮುಖಗವಸು ಕಟ್ಟಿಕೊಂಡು ನಿಂತ ಹುಡುಗಿಯ ಮಿದುಳಿಗೆ ಹೋಗುತ್ತದೆ. ಅವಳ ಎದುರು ಯಾರದೋ ಮೈ ತೆರೆದಿದೆ. ಇಂದುಮತಿಗೆ ಹೆದರಿಕೆಯಾಯಿತು, ಹೆದರಿದಷ್ಟೂ ಅಲೆ ಏರಿತು.

"ಯಾಕಕ್ಕಾ, ಹಚ್ಚ. ನಿನಗಂತನ ನುಣ್ಣಗ ಕುಟ್ಟೀನಿ" ಎಂದಳು ಮಾಲನ್.

"ಬಿಟ್ಟೀನಿ."

"ಏನ ಬಿಟ್ಟಿ?"

"ಮಿಶ್ರಿ. ಚಟಾ ಆಗಿತ್ತು ನನಗ."

ಪಡಸಾಲೆಯಲ್ಲಿ ಒಂದು ಗಳಿಗೆ ಎಲ್ಲರ ಬೆರಳುಗಳೂ ನಿಂತವು. ಆಮೇಲೆ ನಗೆ ಎದ್ದಿತು. "ಹಲ್ಲ ತಿಕ್ಕೂದಕ್ಕ ಚಟಾ ಅಂತಾರಂತವ್ವ ಬೆಳಗಾಂವಿಯವರು!" ಎಂದಳೊಬ್ಬಳು. ಇಂದುಮತಿಗೆ ಸಿಟ್ಟು ಬರಲಿಲ್ಲ. ಹೋದ ವರ್ಷ ತಾನೂ ಇವರಿಗಿಂತ ಜೋರಾಗಿ ನಗುತ್ತಿದ್ದಳು. ಡಬ್ಬಿಯ ಮುಚ್ಚಳ ಹಾಕಿ ನೆಲದ ಮೇಲಿಟ್ಟು, ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಕೂತಳು. ಬಡಿದಾಡಬಾರದು, ಉತ್ತರ ಕೊಡಬಾರದು. ಅಷ್ಟು ಗೊತ್ತಿತ್ತು, ಆದರೆ ಆಗುತ್ತಿರಲಿಲ್ಲ. ಕೈಗಳು ತಮ್ಮಷ್ಟಕ್ಕೆ ಜಾರಿ ಹೊರಬರತೊಡಗಿದವು.

ಆಗ ಇಳಿತ ಬಂತು.

ಅದು ಇಂದುಮತಿಯದಾಗಿರಲಿಲ್ಲ. ಅವಳೊಳಗೆ ಎಲ್ಲವೂ ಇನ್ನೂ ಏರುತ್ತಲೇ ಇತ್ತು. ಆ ಏರಿಕೆಯ ಕೆಳಗಿನಿಂದ ಇನ್ನೊಂದು, ಆತುರವಿಲ್ಲದ್ದು, ಬಂದು ತಾಗಿತು. ನಿಂತ ಕಾಲುಗಳ ಸ್ಥಿಮಿತ ಅದರಲ್ಲಿತ್ತು, ಅಳತೆಯ ಉಸಿರಿತ್ತು. ಆ ಕಡೆ ಯಾರೋ ಇವಳ ಅಲೆಯನ್ನು ಪೂರ್ತಿ ಹೊತ್ತುಕೊಂಡು, ಅಲುಗದೆ, ಅದನ್ನು ಇಳಿಸಿ ಕಳಿಸುತ್ತಿದ್ದರು. ಇಂದುಮತಿಯ ಭುಜ ಸಡಿಲಾಯಿತು. ಅವಳು ಎಲ್ಲರೆದುರಿಗೇ ಗೊಳೋ ಎಂದು ಅತ್ತುಬಿಟ್ಟಳು.

ಮಾಲನ್ ಗಾಬರಿಯಾಗಿ ಬಂದು ಬೆನ್ನಿನ ಮೇಲೆ ಕೈಯಿಟ್ಟಳು. "ಯಾಕಕ್ಕಾ? ಏನಾತು? ಋತುಜಾಂದು ಏನರೇ ಹೆಚ್ಚುಕಡಿಮಿ ಆತೇನ ಅಲ್ಲಿ?"

"ಇಲ್ಲ" ಎಂದಳು ಇಂದುಮತಿ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. "ಆಕಿ ನಿಂತಾಳ. ಅಪರೇಷನ್ನಿನಾಗ ನಿಂತಗೊಂಡನ ನನ್ನ ಹಿಡದಾಳ ನೋಡು."